ನೋಟಿಸ್ ಬಂದ ಮೇಲೆ ನಮ್ಮನ್ನು ಕರೆಯಬೇಡಿ: ಕಂಪನಿ ಮಾಲೀಕರಿಗೆ ಲೆಕ್ಕಪತ್ರ ವಿಭಾಗದಿಂದ ಒಂದು ಬಹಿರಂಗ ಪತ್ರ

ಸಣ್ಣ ಮತ್ತು ಮಧ್ಯಮ ಕಂಪನಿಗಳ ಮಾಲೀಕರಿಗೆ, ನಿರ್ದೇಶಕರಿಗೆ, ಪಾಲುದಾರರಿಗೆ,

ಮಾನ್ಯರೇ,

ನಾನು ಲೆಕ್ಕ ಬರೆಯುವವಳು. ಒಂದಕ್ಕಿಂತ ಹೆಚ್ಚು ಕಂಪನಿಗಳ ಲೆಕ್ಕಪತ್ರ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ತೆರಿಗೆ ಇಲಾಖೆಯವರು ತಪಾಸಣೆಗೆ ಬಂದಾಗ ಅವರ ಎದುರು ಕೂರುವುದು ಸಾಮಾನ್ಯವಾಗಿ ನೀವಲ್ಲ, ನನ್ನಂಥವರು. ಅಲ್ಲಿ ಕೂತು ನೋಡಿದ್ದನ್ನು ನಿಮಗೆ ನೇರವಾಗಿ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ವರ್ಷಕ್ಕೊಮ್ಮೆ ಆಡಿಟರ್ ಬಂದು ಪುಸ್ತಕ ನೋಡಿ ಸಹಿ ಹಾಕುವ ಮಾಮೂಲಿ ಆಡಿಟ್ ಬಗ್ಗೆ ನಾನು ಹೇಳುತ್ತಿಲ್ಲ. ನೀವು ಸಲ್ಲಿಸಿದ ರಿಟರ್ನ್ ನೋಡಿ ಇಲಾಖೆಗೆ ಅನುಮಾನ ಬರುತ್ತದೆ. ನೋಟಿಸ್ ಕಳಿಸುತ್ತಾರೆ. ಲೆಡ್ಜರ್, ಅಂದರೆ ಖಾತೆ ಪುಸ್ತಕ, ತರಿಸಿಕೊಂಡು ಒಂದೊಂದೇ ಎಂಟ್ರಿಗೆ ಆಧಾರ ಕೇಳುತ್ತಾರೆ. ಆ ತಪಾಸಣೆಯ ವಿಷಯ ಇದು.

ನೋಟಿಸ್ ಬಂದ ದಿನ ನಿಮ್ಮಲ್ಲಿ ಬಹಳ ಜನ ಹೇಳುವ ಮಾತು ಒಂದೇ: "ಯಾರೋ ಬೇಕಂತ ಕಂಪ್ಲೇಂಟ್ ಕೊಟ್ಟಿರಬೇಕು." ಸ್ವಲ್ಪ ಹೊತ್ತಿಗೆ ಇನ್ನೊಂದು ಮಾತು ಬರುತ್ತದೆ: "ಅಕೌಂಟ್ಸ್‌ನವರು ಇಷ್ಟು ದಿನ ಏನು ಮಾಡ್ತಿದ್ರು?" ಮೊದಲನೆಯದು ಕೆಲವೊಮ್ಮೆ ನಿಜ. ದೂರಿನ ಮೇಲೆ ತಪಾಸಣೆ ಆಗುವುದುಂಟು. ಚೀಟಿ ಎತ್ತಿದ ಹಾಗೆ ಸುಮ್ನೆ ಆಯ್ಕೆಯಾಗುವುದೂ ಉಂಟು. ಆದರೆ ನಾನು ಕಂಡ ಮಟ್ಟಿಗೆ ಹೆಚ್ಚಿನ ನೋಟಿಸ್‌ಗಳ ಹಿಂದೆ ಯಾವ ಶತ್ರುವೂ ಇರಲಿಲ್ಲ. ಕಂಪನಿಯೇ ಕೊಟ್ಟ ಎರಡು ಅಂಕಿ ಒಂದಕ್ಕೊಂದು ತಾಳೆಯಾಗಿರಲಿಲ್ಲ, ಅಷ್ಟೇ. ಎರಡನೆಯ ಮಾತಿಗೆ ಉತ್ತರ ಮುಂದಿದೆ.

ಇಲಾಖೆ ಯಾರನ್ನು ಆರಿಸುತ್ತದೆ ಅನ್ನುವುದು ಪೂರ್ತಿ ಗುಟ್ಟೇನೂ ಅಲ್ಲ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ರಿಟರ್ನ್‌ಗಳಿಗೆ ಕಂಪ್ಯೂಟರ್ ಮೂಲಕ ಅಂಕ ಕೊಡುತ್ತದೆ. ಹಿಂದೆ ತಪಾಸಣೆಯಾದ ಅದೇ ಥರದ ರಿಟರ್ನ್‌ಗಳ ಅನುಭವದ ಮೇಲೆ, ನಿಮ್ಮದನ್ನು ಬಿಚ್ಚಿ ನೋಡಿದರೆ ತೆರಿಗೆ ಬದಲಾಗುವ ಸಾಧ್ಯತೆ ಎಷ್ಟು ಅನ್ನುವುದೇ ಆ ಅಂಕ. ಸೂತ್ರ ಮಾತ್ರ ಹೊರಗೆ ಬಿಟ್ಟಿಲ್ಲ. ಬ್ರಿಟನ್‌ನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿ 2010ರಿಂದ 'ಕನೆಕ್ಟ್' ಅನ್ನುವ ವ್ಯವಸ್ಥೆ ಇಟ್ಟುಕೊಂಡಿದೆ. ಬ್ಯಾಂಕ್, ಆಸ್ತಿ ನೋಂದಣಿ, ಆನ್‌ಲೈನ್ ಮಾರಾಟ ತಾಣ, ಹೀಗೆ ಎಲ್ಲೆಲ್ಲಿಂದಲೋ ಬಂದ ಮಾಹಿತಿಯನ್ನು ಅದು ನಿಮ್ಮ ರಿಟರ್ನ್ ಜೊತೆ ಕೂಡಿಸಿ ನೋಡುತ್ತದೆ. ಆಸ್ಟ್ರೇಲಿಯಾದವರು ಇನ್ನೂ ನೇರ. ಯಾವ ವ್ಯಾಪಾರದಲ್ಲಿ ವಹಿವಾಟಿನ ಎಷ್ಟು ಪಾಲು ಖರ್ಚಿಗೆ ಹೋಗುವುದು ಸಹಜ ಅನ್ನುವುದನ್ನು ತೆರಿಗೆ ಕಚೇರಿಯೇ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಆ ಮಿತಿಯಿಂದ ಹೊರಗಿದ್ದರೆ ತಪ್ಪು ಮಾಡಿದ್ದೀರಿ ಅಂತ ಅರ್ಥವಲ್ಲ. ಯಾಕೆ ಹೊರಗಿದ್ದೀರಿ ಅಂತ ಯಾರಾದರೂ ಕೇಳುವ ಸಾಧ್ಯತೆ ಜಾಸ್ತಿ, ಅಷ್ಟೇ.

ಅಂದರೆ ಮೊದಲು ನೋಡುವುದು ಅಧಿಕಾರಿಯಲ್ಲ, ಯಂತ್ರ. ಅದಕ್ಕೆ ನಿಮ್ಮ ಮುಖ ಗೊತ್ತಿಲ್ಲ, ನಿಮ್ಮ ಕಷ್ಟ ಗೊತ್ತಿಲ್ಲ. ಅಂಕಿ ಕೂಡುತ್ತದೋ ಇಲ್ಲವೋ ಅನ್ನುವುದಷ್ಟೇ ಗೊತ್ತು.

ಕೂಡದೇ ಹೋಗುವ ಅಂಕಿಗಳಲ್ಲಿ ಮೊದಲನೆಯದು ಮಾರಾಟ. ಮಾರಾಟ ತೆರಿಗೆಯ ರಿಟರ್ನ್‌ನಲ್ಲಿ ಒಂದು ವಹಿವಾಟು, ಆದಾಯ ತೆರಿಗೆಯ ರಿಟರ್ನ್‌ನಲ್ಲಿ ಇನ್ನೊಂದು, ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ಮೂರನೆಯದು. ಇವು ಬೇರೆ ಬೇರೆ ಇರುವುದಕ್ಕೆ ಸರಿಯಾದ ಕಾರಣಗಳೂ ಇರುತ್ತವೆ. ಮುಂಗಡ ಬಂದಿರುತ್ತದೆ, ಮಾಲು ವಾಪಸ್ ಬಂದಿರುತ್ತದೆ, ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿ ಕೊಡುವ ಚೀಟಿ) ಮುಂದಿನ ವರ್ಷಕ್ಕೆ ಬಿದ್ದಿರುತ್ತದೆ. ಅದು ತಪ್ಪಲ್ಲ. ಆ ವ್ಯತ್ಯಾಸಕ್ಕೆ ಒಂದು ಪುಟದ ರಿಕನ್ಸಿಲಿಯೇಷನ್, ಅಂದರೆ ಎರಡೂ ಅಂಕಿ ಯಾಕೆ ಬೇರೆ ಅನ್ನುವ ತಾಳೆ ಪಟ್ಟಿ, ಮಾಡಿ ಫೈಲಿಗೆ ಹಾಕದೇ ಇರುವುದು ತಪ್ಪು. ಎರಡು ವರ್ಷ ಬಿಟ್ಟು ಅಧಿಕಾರಿ ಕೇಳಿದಾಗ ಆ ಕಾರಣ ಯಾರಿಗೂ ನೆನಪಿರುವುದಿಲ್ಲ. ಆ ಲೆಕ್ಕ ಬರೆದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಆಗ ವ್ಯತ್ಯಾಸವೆಲ್ಲಾ ಮುಚ್ಚಿಟ್ಟ ಮಾರಾಟದ ಹಾಗೆ ಕಾಣುತ್ತದೆ.

ಆನ್‌ಲೈನ್ ತಾಣಗಳ ಮೂಲಕ ಮಾರುವ ಕಂಪನಿಗಳಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬರುತ್ತದೆ. ಗ್ರಾಹಕ 100 ಕೊಟ್ಟಿರುತ್ತಾನೆ. ತಾಣದವರು ತಮ್ಮ ಕಮಿಷನ್, ಸಾಗಣೆ ಖರ್ಚು ಹಿಡಿದುಕೊಂಡು 78 ಬ್ಯಾಂಕಿಗೆ ಹಾಕಿರುತ್ತಾರೆ. ಬ್ಯಾಂಕಿಗೆ ಬಂದದ್ದೇ ಮಾರಾಟ ಅಂದುಕೊಂಡು 78 ಬರೆದುಬಿಡುತ್ತಾರೆ. ಲಾಭದ ಲೆಕ್ಕದಲ್ಲಿ ವ್ಯತ್ಯಾಸ ಬರದೇ ಇರಬಹುದು. ಆದರೆ ತಾಣದವರು ಇಲಾಖೆಗೆ ಕೊಡುವ ವಿವರದಲ್ಲಿ ಹಿಡಿದುಕೊಂಡ 22 ಕೂಡ ಕಾಣಬಹುದು. ಯುರೋಪಿಯನ್ ಒಕ್ಕೂಟದಲ್ಲಂತೂ 2023ರಿಂದ ಈ ತಾಣಗಳು ಮಾರಾಟಗಾರರ ವಿವರವನ್ನು ತೆರಿಗೆ ಇಲಾಖೆಗಳಿಗೆ ಒಪ್ಪಿಸಲೇಬೇಕು. ಪೂರ್ತಿ 100 ಮಾರಾಟಕ್ಕೆ, 22 ಖರ್ಚಿಗೆ ಬರೆದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇದರ ಅವಳಿ ತಪ್ಪು ಖರೀದಿಯ ಕಡೆ ಇದೆ. ಫ್ರಾನ್ಸ್‌ನಲ್ಲಿ 1954ರಲ್ಲಿ ಶುರುವಾದ ಮೌಲ್ಯವರ್ಧಿತ ತೆರಿಗೆ (ವ್ಯಾಟ್) ಇವತ್ತು 170ಕ್ಕೂ ಹೆಚ್ಚು ದೇಶಗಳಲ್ಲಿದೆ. ಹೆಸರು, ದರ ಬೇರೆ ಇರಬಹುದು. ಮೂಲ ಏರ್ಪಾಡು ಒಂದೇ: ಮಾರಿದವನು ಕಟ್ಟಿದ ತೆರಿಗೆಯನ್ನು ಕೊಂಡವನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತಾನೆ. ಹಾಗಾಗಿ ಒಂದು ಬಿಲ್ಲಿಗೆ ಎರಡು ಸಾಕ್ಷಿ. ಇಟಲಿಯಲ್ಲಿ 2019ರಿಂದ ಕಂಪನಿಗಳ ನಡುವಿನ ಬಿಲ್ಲುಗಳು ಸರ್ಕಾರದ ವ್ಯವಸ್ಥೆಯ ಮೂಲಕವೇ ಹಾದು ಹೋಗುತ್ತವೆ. ಹೀಗಿರುವಾಗ ಮಾರಿದವನು ತೋರಿಸದ ಬಿಲ್ಲಿನ ತೆರಿಗೆಯನ್ನು ನೀವು ನಿಮ್ಮ ತೆರಿಗೆಯಲ್ಲಿ ಕಳೆದರೆ ಅದು ಎದ್ದು ಕಾಣದೇ ಇರುತ್ತದೆಯೇ? "ನಾನು ದುಡ್ಡು ಕೊಟ್ಟಿದ್ದೀನಿ, ಅವನು ಕಟ್ಟದಿದ್ದರೆ ನಾನೇನು ಮಾಡಲಿ" ಅನ್ನುತ್ತೀರಿ. ಸಂಕಟ ನಿಜ. ಆದರೆ ದರ ಕಡಿಮೆ ಅಂತ ಗುರುತು ಪರಿಚಯ ಇಲ್ಲದ ಸರಬರಾಜುದಾರರನ್ನು ಒಪ್ಪಿಕೊಳ್ಳುವಾಗ ಅವರ ತೆರಿಗೆ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ನೋಡಲು ನಮಗೆ ಒಂದು ದಿನ ಕೊಡಿ. ಆ ಒಂದು ದಿನವನ್ನು ನಾವು ಕೇಳಿ ಕೇಳಿ ಸುಸ್ತಾಗಿದ್ದೇವೆ.

ಇನ್ನು ಬರೆಯಲೇಬೇಕಾದ, ಬರೆಯಲು ಮುಜುಗರವಾಗುವ ವಿಷಯ: ನಿಮ್ಮ ಮನೆ ಖರ್ಚು.

ಕಂಪನಿ ನಿಮ್ಮದೇ ಇರಬಹುದು. ಕಂಪನಿಯ ದುಡ್ಡು ನಿಮ್ಮದಲ್ಲ. ಕಾನೂನಿನ ಕಣ್ಣಲ್ಲಿ ಅದು ಬೇರೆಯೇ ಒಬ್ಬ ವ್ಯಕ್ತಿ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ? ಆದರೂ ಕುಟುಂಬದ ಪ್ರವಾಸ 'ವ್ಯಾಪಾರ ಅಭಿವೃದ್ಧಿ' ಅಂತ ಬರುತ್ತದೆ. ಮನೆಯ ರಿಪೇರಿ 'ಕಚೇರಿ ನಿರ್ವಹಣೆ' ಆಗುತ್ತದೆ. ಮಗನ ಕಾರು ಕಂಪನಿಯ ಕಾರು, ಆದರೆ ಅದು ಒಂದು ದಿನವೂ ಕಂಪನಿಯ ಕೆಲಸಕ್ಕೆ ಓಡಿರುವುದಿಲ್ಲ. ವೋಚರ್ ಮೇಲೆ ಏನು ಬರೆಯಬೇಕು ಅಂತ ಕೇಳಿದರೆ "ಏನಾದರೂ ಹಾಕಿ" ಅನ್ನುತ್ತೀರಿ. ಆ 'ಏನಾದರೂ' ಅನ್ನುವುದಕ್ಕೆ ತಪಾಸಣೆಯ ದಿನ ವಿವರಣೆ ಕೊಡಬೇಕಾದವರು ನಾವು. ಅಧಿಕಾರಿಗಳು ಇದನ್ನು ಹುಡುಕಲು ಕಷ್ಟಪಡುವುದೂ ಇಲ್ಲ. ಪ್ರಯಾಣ, ಊಟೋಪಚಾರ, ವಾಹನ, ರಿಪೇರಿ, 'ಇತರೆ ಖರ್ಚು', ಈ ಐದು ಲೆಡ್ಜರ್‌ಗಳನ್ನೇ ಮೊದಲು ತೆಗೆಸುತ್ತಾರೆ. ರಜಾ ದಿನದ ಬಿಲ್ಲುಗಳು ಅಲ್ಲಿ ಒಂದಾದ ಮೇಲೊಂದು ಸಿಗುತ್ತವೆ.

ಖರ್ಚು ನಿಜವಾಗಿಯೂ ವ್ಯಾಪಾರಕ್ಕೇ ಆಗಿದ್ದರೂ ಚೀಟಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಒಂದು ಹಳೆಯ ಪ್ರಕರಣವಿದೆ. ನ್ಯೂಯಾರ್ಕಿನ ರಂಗಭೂಮಿಯಲ್ಲಿ ದೊಡ್ಡ ಹೆಸರು ಮಾಡಿದ್ದ ಜಾರ್ಜ್ ಎಂ. ಕೋಹನ್ ನಟರಿಗೆ, ವಿಮರ್ಶಕರಿಗೆ ಧಾರಾಳವಾಗಿ ಉಪಚಾರ ಮಾಡುತ್ತಿದ್ದರು, ಓಡಾಡುತ್ತಿದ್ದರು. ಯಾವುದಕ್ಕೂ ಲೆಕ್ಕ ಇಟ್ಟಿರಲಿಲ್ಲ. ಇಲಾಖೆ ಒಪ್ಪಲಿಲ್ಲ. 1930ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್, ಖರ್ಚು ಆಗಿರುವುದು ಖಚಿತವಾಗಿರುವಾಗ ಪೂರ್ತಿ ತಳ್ಳಿಹಾಕುವುದು ಸರಿಯಲ್ಲ, ಅಂದಾಜಿನ ಮೇಲೆ ಸ್ವಲ್ಪವಾದರೂ ಕೊಡಿ ಎಂದರು. ಲೆಕ್ಕ ಇಡದ ತಪ್ಪು ಕೋಹನ್ ಅವರದೇ ಆದ್ದರಿಂದ ಅಂದಾಜು ಬಿಗಿಯಾಗಿರಲಿ ಅಂತಲೂ ಹೇಳಿದರು. ನಮ್ಮ ವೃತ್ತಿಯಲ್ಲಿ ಈ ಕಥೆಯ ಅರ್ಧ ಭಾಗ ಮಾತ್ರ ಚಾಲ್ತಿಯಲ್ಲಿದೆ. ಉಳಿದರ್ಧ ಏನೆಂದರೆ, 1962ರಲ್ಲಿ ಅಮೆರಿಕದ ಸಂಸತ್ತು ಕಾನೂನು ಬದಲಿಸಿತು. ಪ್ರಯಾಣ ಮತ್ತು ಉಪಚಾರದ ಖರ್ಚಿಗೆ ಅಂದಾಜು ನಡೆಯುವುದಿಲ್ಲ, ಮೊತ್ತ, ದಿನ, ಉದ್ದೇಶ ಎಲ್ಲಕ್ಕೂ ಆಧಾರ ಬೇಕು ಎಂದಿತು. ಯಾರ ಜೊತೆ, ಯಾಕೆ ಅಂತ ಬಿಲ್ಲಿನ ಹಿಂದೆ ಒಂದು ಸಾಲು ಬರೆಯಿರಿ ಅಂತ ನಾವು ಪೀಡಿಸುವುದು ಇದಕ್ಕೇ.

ಮನೆ ಖರ್ಚಿನಷ್ಟೇ ಸಾಮಾನ್ಯವಾದದ್ದು 'ನಿರ್ದೇಶಕರ ಸಾಲ'. ಕಂಪನಿಯಿಂದ ದುಡ್ಡು ಎತ್ತುತ್ತೀರಿ. ಸಂಬಳ ಅಂದರೆ ತೆರಿಗೆ, ಡಿವಿಡೆಂಡ್ ಅಂದರೆ ತೆರಿಗೆ. ಹಾಗಾಗಿ ಸಾಲ ಅಂತ ಬರೆಸುತ್ತೀರಿ. ಕರಾರು ಪತ್ರ ಇಲ್ಲ, ಬಡ್ಡಿ ಇಲ್ಲ, ವಾಪಸ್ ಕೊಡುವ ದಿನಾಂಕ ಇಲ್ಲ. ಮೊತ್ತ ವರ್ಷವರ್ಷ ಬೆಳೆಯುತ್ತಲೇ ಇರುತ್ತದೆ. ಬ್ಯಾಲೆನ್ಸ್ ಶೀಟ್ ನೋಡಲು ಬರುವ ಯಾರಿಗಾದರೂ ಅದು ಸಾಲವಲ್ಲ ಅಂತ ಗೊತ್ತಾಗುತ್ತದೆ. ಹಲವು ದೇಶಗಳ ಕಾನೂನು ಇಂಥ ಮೊತ್ತವನ್ನು ಡಿವಿಡೆಂಡ್ ಅಥವಾ ಸಂಬಳ ಅಂತಲೇ ಹಿಡಿದು ತೆರಿಗೆ ಹಾಕುತ್ತದೆ. ಇದರ ಉಲ್ಟಾ ಕೂಡ ಇದೆ. ಕಂಪನಿಗೆ ದುಡ್ಡು ಸಾಲದೇ ಬಂದಾಗ ನಿಮ್ಮ ಸ್ವಂತ ಖಾತೆಯಿಂದ ಹಾಕುತ್ತೀರಿ, ನಮಗೆ ಹೇಳುವುದಿಲ್ಲ. ಎಲ್ಲಿಂದ ಬಂತು ಅಂತ ತಿಳಿಯದ ಜಮೆ ಸಸ್ಪೆನ್ಸ್ ಅಕೌಂಟಿಗೆ (ಮೂಲ ಗೊತ್ತಾಗುವ ತನಕ ಮೊತ್ತ ಇಟ್ಟುಕೊಳ್ಳುವ ಖಾತೆಗೆ) ಹೋಗುತ್ತದೆ. ತಪಾಸಣೆಯಲ್ಲಿ ಅದೇ ಜಮೆಗೆ "ಇದು ತೋರಿಸದ ಮಾರಾಟ ಯಾಕಾಗಬಾರದು?" ಅನ್ನುವ ಪ್ರಶ್ನೆ ಬರುತ್ತದೆ. ನಿಮ್ಮದೇ ದುಡ್ಡಿಗೆ ನೀವೇ ತೆರಿಗೆ ಕಟ್ಟುವ ಪರಿಸ್ಥಿತಿ.

ಸಂಬಳದ ವಿಷಯದಲ್ಲಿ 2012ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ಪ್ರಕರಣವೊಂದನ್ನು ನೀವೆಲ್ಲಾ ಓದಬೇಕು. ಒಬ್ಬರು ತಮ್ಮದೇ ಕಂಪನಿಯಿಂದ ವರ್ಷಕ್ಕೆ 24,000 ಡಾಲರ್ ಸಂಬಳ ತೆಗೆದುಕೊಂಡರು. ಅದೇ ಅವಧಿಯಲ್ಲಿ ಲಾಭದ ಹಂಚಿಕೆ ಅಂತ ಅದರ ಹಲವು ಪಟ್ಟು, ಒಂದು ವರ್ಷ 2 ಲಕ್ಷ ಡಾಲರ್‌ಗೂ ಮೇಲೆ, ತೆಗೆದುಕೊಂಡರು. ಹಂಚಿಕೆಯ ಮೇಲೆ ಸಂಬಳದ ತೆರಿಗೆ ಬೀಳುವುದಿಲ್ಲ ಅನ್ನುವುದು ಉಪಾಯ. ಅವರ ಅನುಭವಕ್ಕೆ, ಕೆಲಸಕ್ಕೆ 91,044 ಡಾಲರ್ ಸಂಬಳ ನ್ಯಾಯ ಅಂತ ನ್ಯಾಯಾಲಯ ಹಿಡಿಯಿತು. ಆ ವ್ಯಕ್ತಿಯ ವೃತ್ತಿ ಏನು ಗೊತ್ತೇ? ಅವರೇ ಒಬ್ಬ ಅಕೌಂಟೆಂಟ್. ಹೀಗಾಗಿ, "ನನ್ನ ಸ್ನೇಹಿತ ಅಕೌಂಟೆಂಟು, ಅವನೇ ಹೀಗೆ ಮಾಡ್ತಾನೆ" ಅನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ.

ಕೆಲಸಗಾರರನ್ನು 'ಗುತ್ತಿಗೆದಾರ' ಅಂತ ತೋರಿಸುವುದೂ ಇದೇ ಜಾತಿಯ ತಪ್ಪು. ಒಬ್ಬರೇ ಮಾಲೀಕರು, ದಿನಾ ನೀವು ಹೇಳಿದ ಹೊತ್ತಿಗೆ ಬರಬೇಕು, ನಿಮ್ಮದೇ ಕಂಪ್ಯೂಟರ್, ತಿಂಗಳಿಗೆ ಒಂದೇ ಮೊತ್ತ. ಇಂಥವರನ್ನು ಯಾವ ಕಾಗದದ ಮೇಲೆ ಏನಂತ ಕರೆದರೂ ಅವರು ನೌಕರರೇ. ಬ್ರಿಟನ್ ಇದಕ್ಕೆಂದೇ 2000ದಲ್ಲಿ ನಿಯಮ ತಂದಿತು. 2021ರ ಏಪ್ರಿಲ್‌ನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳ ಮೇಲೆಯೇ ಇದನ್ನು ತೀರ್ಮಾನಿಸುವ ಹೊಣೆ ಹಾಕಿತು. ಹೆಚ್ಚಿನ ಸಲ ಈ ತಪಾಸಣೆ ಶುರುವಾಗುವುದು ಕೆಲಸ ಬಿಟ್ಟವರು ತಮ್ಮ ಸೌಲಭ್ಯ ಕೇಳಿ ಅರ್ಜಿ ಹಾಕಿದಾಗ.

ಒಂದು ಸ್ವಾರಸ್ಯದ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಸಹಜವಾಗಿ ಹುಟ್ಟಿದ ಅಂಕಿಗಳ ದೊಡ್ಡ ಪಟ್ಟಿಯಲ್ಲಿ ಎಲ್ಲಾ ಅಂಕಿಗಳೂ ಸಮನಾಗಿ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಶೇ 30ರಷ್ಟು ಸಂಖ್ಯೆಗಳು 1ರಿಂದ ಶುರುವಾಗುತ್ತವೆ. 9ರಿಂದ ಶುರುವಾಗುವುದು ಶೇ 5ಕ್ಕಿಂತಲೂ ಕಡಿಮೆ. ಸೈಮನ್ ನ್ಯೂಕಂಬ್ ಅನ್ನುವ ಖಗೋಳ ವಿಜ್ಞಾನಿ 1881ರಲ್ಲೇ ಇದನ್ನು ಗಮನಿಸಿದ್ದರು. 1938ರಲ್ಲಿ ಫ್ರಾಂಕ್ ಬೆನ್‌ಫೋರ್ಡ್ ಹಲವು ಪಟ್ಟಿಗಳ ಮೇಲೆ ಪರೀಕ್ಷಿಸಿ ತೋರಿಸಿದರು, ಈ ನಿಯಮಕ್ಕೆ ಹೆಸರೂ ಅವರದೇ ಉಳಿಯಿತು. ಮನುಷ್ಯ ಕೂತು ಅಂಕಿ ಕಟ್ಟಿದಾಗ ಈ ಹಂಚಿಕೆ ಕೆಟ್ಟುಹೋಗುತ್ತದೆ. ಲೆಕ್ಕದ ಮೋಸ ಹುಡುಕುವವರು ಇದನ್ನು ಬಳಸುತ್ತಾರೆ. ಇಷ್ಟೆಲ್ಲಾ ಗಣಿತ ಬೇಕಾಗಿಯೂ ಇಲ್ಲ ಅನ್ನಿ. ಹನ್ನೆರಡೂ ತಿಂಗಳು ವಾಹನ ಖರ್ಚು ಸರಿಯಾಗಿ 5,000, ಜಾಹೀರಾತು ಸರಿಯಾಗಿ 10,000 ಅಂತ ಬಿದ್ದಿದ್ದರೆ ಅದು ಅಂದಾಜು ಅಂತ ಯಾರಿಗೆ ತಿಳಿಯುವುದಿಲ್ಲ? "ಹೋದ ವರ್ಷದಷ್ಟೇ ಹಾಕಿಬಿಡಿ" ಅಂತ ಹೇಳಿದವರು ಯಾರು ಅನ್ನುವುದನ್ನು ನಾನಿಲ್ಲಿ ಬರೆಯುವುದಿಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ವರ್ಷದ ಕೊನೆಯ ವಾರ. ಲಾಭ ಜಾಸ್ತಿ ಕಾಣುತ್ತಿದೆ, ಯಾರಿಂದಲಾದರೂ ಒಂದು ಬಿಲ್ಲು ತರಿಸಿ. ಈ ಮಾರಾಟವನ್ನು ಮುಂದಿನ ವರ್ಷಕ್ಕೆ ತಳ್ಳಿ. ಹೋದ ತಿಂಗಳ ದಿನಾಂಕ ಹಾಕಿ ಒಂದು ಕರಾರು ಮಾಡಿ. ಸ್ಟಾಕ್ ಸ್ವಲ್ಪ ಕಡಿಮೆ ತೋರಿಸಿ. ಇವೆಲ್ಲಾ ಬಾಯಿ ಮಾತಿನಲ್ಲಿ ಬರುವ ಅಪ್ಪಣೆಗಳು. ಇಮೇಲ್‌ನಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಬಿಲ್ಲಿನ ಕ್ರಮಸಂಖ್ಯೆ ಹಿಂದುಮುಂದಾಗಿರುತ್ತದೆ. ಕಂಪ್ಯೂಟರ್ ಫೈಲಿನೊಳಗೆ ಅದು ಹುಟ್ಟಿದ ದಿನಾಂಕ ಇರುತ್ತದೆ. ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಯಾವ ಎಂಟ್ರಿ ಯಾವ ದಿನ ಯಾರ ಲಾಗಿನ್‌ನಿಂದ ಬಿತ್ತು ಅನ್ನುವುದು ಉಳಿದಿರುತ್ತದೆ. ಆ ಲಾಗಿನ್ ನಮ್ಮದು, ನಿಮ್ಮದಲ್ಲ.

ಸ್ಟಾಕ್ ಕಡಿಮೆ ತೋರಿಸಿದರೆ ಲಾಭ ಇಳಿಯುತ್ತದೆ, ಸರಿ. ಆದರೆ ಮುಂದಿನ ವರ್ಷ ಅದೇ ಮಾಲು ಮಾರಿದಾಗ ಲಾಭದ ಪ್ರಮಾಣ ದಿಢೀರ್ ಏರುತ್ತದೆ. ಒಂದು ವರ್ಷ ಶೇ 12, ಮರುವರ್ಷ ಶೇ 31, ಅದರ ಮರುವರ್ಷ ಶೇ 14. ಇಂಥ ಏರಿಳಿತಕ್ಕೆ ವ್ಯಾಪಾರದಲ್ಲಿ ಕಾರಣ ಇಲ್ಲದಿದ್ದರೆ ಅದು ಕಂಪ್ಯೂಟರ್‌ನ ಕಣ್ಣಿಗೆ ಬೀಳುವುದು ಖಂಡಿತ. ನಗದು ವ್ಯಾಪಾರದಲ್ಲೂ ಅಷ್ಟೇ. ಮಾಲು ಎಷ್ಟು ಕೊಂಡಿರಿ ಅನ್ನುವುದು ಸರಬರಾಜುದಾರರಿಂದ ಗೊತ್ತಾಗುತ್ತದೆ. ಅಷ್ಟು ಮಾಲಿಗೆ ಎಷ್ಟು ಮಾರಾಟ ಆಗಬೇಕು ಅಂತ ಅಧಿಕಾರಿ ಹಿಂದಿನಿಂದ ಲೆಕ್ಕ ಹಾಕುತ್ತಾರೆ. ನಗದು ವ್ಯಾಪಾರಗಳನ್ನು ಹೇಗೆ ತಪಾಸಣೆ ಮಾಡಬೇಕು ಅಂತ ಐಆರ್‌ಎಸ್ ತನ್ನ ಅಧಿಕಾರಿಗಳಿಗೆ ಬರೆದ ಕೈಪಿಡಿಯನ್ನು ಎಲ್ಲರೂ ಓದಬಹುದು. ನಿಮ್ಮಲ್ಲಿ ಒಬ್ಬರಾದರೂ ಓದಿದ್ದೀರಾ?

ಈಚಿನ ವರ್ಷಗಳಲ್ಲಿ ಹೊಸದೊಂದು ಸೇರಿಕೊಂಡಿದೆ: ಫೋನ್ ಮಾಡಿ "ನಿಮಗೆ ಸರ್ಕಾರದಿಂದ ಇಷ್ಟು ದುಡ್ಡು ವಾಪಸ್ ಬರಬೇಕು, ಕೊಡಿಸುತ್ತೇವೆ, ಬಂದದ್ದರಲ್ಲಿ ನಮಗೆ ಪಾಲು" ಅನ್ನುವ ಸಲಹೆಗಾರರು. ಕೋವಿಡ್ ಕಾಲದಲ್ಲಿ ನೌಕರರನ್ನು ಉಳಿಸಿಕೊಂಡ ಕಂಪನಿಗಳಿಗೆ ಅಮೆರಿಕ ಕೊಟ್ಟ ತೆರಿಗೆ ವಿನಾಯಿತಿಯಲ್ಲಿ ಇಂಥವರ ಹಾವಳಿ ಎಷ್ಟಾಯಿತೆಂದರೆ, 2023ರ ಸೆಪ್ಟೆಂಬರ್‌ನಲ್ಲಿ ಐಆರ್‌ಎಸ್ ಹೊಸ ಅರ್ಜಿಗಳನ್ನು ನೋಡುವುದನ್ನೇ ನಿಲ್ಲಿಸಿತು. ಬ್ರಿಟನ್‌ನಲ್ಲಿ ಸಂಶೋಧನೆಯ ಹೆಸರಿನ ವಿನಾಯಿತಿಗೆ ಅದೇ ವರ್ಷದ ಆಗಸ್ಟ್‌ನಿಂದ ಹೆಚ್ಚಿನ ವಿವರದ ನಮೂನೆ ಕಡ್ಡಾಯವಾಯಿತು. ಪಾಲು ತೆಗೆದುಕೊಂಡವರು ತಪಾಸಣೆಯ ದಿನ ಫೋನ್ ಎತ್ತುವುದಿಲ್ಲ. ಅರ್ಜಿಯ ಮೇಲಿನ ಸಹಿ ಕಂಪನಿಯದು.

ಹೊರದೇಶದ ವ್ಯವಹಾರ ಇರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮದೇ ಇನ್ನೊಂದು ಕಂಪನಿಗೆ ಕೊಡುವ ಬೆಲೆ ಹೊರಗಿನವರಿಗೆ ಕೊಡುವ ಬೆಲೆಯ ಹಾಗೇ ಇರಬೇಕು, ಅದಕ್ಕೆ ದಾಖಲೆ ಆಗಲೇ ಇರಬೇಕು. 'ಮ್ಯಾನೇಜ್‌ಮೆಂಟ್ ಫೀ' ಅಂತ ಒಂದು ಸಾಲಿನ ಬಿಲ್ಲು ಸಾಲದು. ಬೇರೆ ದೇಶದ ಬ್ಯಾಂಕ್ ಖಾತೆ ಯಾರಿಗೂ ಕಾಣುವುದಿಲ್ಲ ಅನ್ನುವ ಕಾಲವೂ ಮುಗಿಯಿತು. 2014ರಲ್ಲಿ ಒಇಸಿಡಿ ಅನ್ನುವ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ ರೂಪಿಸಿದ ಏರ್ಪಾಡಿನಂತೆ 2017ರಿಂದ ದೇಶಗಳು ಖಾತೆಗಳ ವಿವರವನ್ನು ತಾವಾಗಿಯೇ ಹಂಚಿಕೊಳ್ಳುತ್ತಿವೆ. ಈಗ 100ಕ್ಕೂ ಹೆಚ್ಚು ದೇಶ, ಪ್ರದೇಶಗಳು ಅದರಲ್ಲಿವೆ.

ಇಷ್ಟು ತಪ್ಪುಗಳಲ್ಲಿ ಬಹುಪಾಲು ಒಂದು ಸಾದಾ ಪತ್ರದಲ್ಲಿ ಮುಗಿಯುವಂಥವು. ಅವನ್ನು ದೊಡ್ಡದು ಮಾಡುವುದು ನೀವು ಆ ಪತ್ರಕ್ಕೆ ಉತ್ತರ ಕೊಡದಿರುವುದು. ಸಾಮಾನ್ಯವಾಗಿ ಮೊದಲು ಬರುವುದು ತಪಾಸಣೆಯ ನೋಟಿಸ್ ಅಲ್ಲ ಅನ್ನುವುದು ನಿಮಗೆ ಗೊತ್ತಿರಲಿ. ಈ ಅಂಕಿಗೂ ಆ ಅಂಕಿಗೂ ವ್ಯತ್ಯಾಸ ಇದೆ, ವಿವರಿಸಿ ಅನ್ನುವ ಮೃದುವಾದ ಪತ್ರ ಬರುತ್ತದೆ. ಅದು ನಿಮ್ಮ ಹಳೆಯ ಇಮೇಲ್‌ಗೋ ನೀವು ಬಿಟ್ಟು ಬಂದ ಹಳೆಯ ವಿಳಾಸಕ್ಕೋ ಹೋಗಿರುತ್ತದೆ. ಅಥವಾ ನಿಮ್ಮ ಕೈಗೇ ಬಂದು "ಆಮೇಲೆ ನೋಡೋಣ" ಅಂತ ಡ್ರಾಯರ್ ಸೇರಿರುತ್ತದೆ. ನಮಗೆ ತಲುಪುವ ಹೊತ್ತಿಗೆ ಕೊಟ್ಟ ಗಡುವು ಮುಗಿದಿರುತ್ತದೆ. ಒಂದು ವ್ಯತ್ಯಾಸದ ಪ್ರಶ್ನೆ ಆಗಿದ್ದದ್ದು ಪೂರ್ತಿ ಪುಸ್ತಕದ ಪ್ರಶ್ನೆ ಆಗುತ್ತದೆ, ಒಂದು ವರ್ಷದ್ದು ಹಿಂದಿನ ವರ್ಷಗಳಿಗೂ ಹೋಗುತ್ತದೆ. ಎಷ್ಟು ಹಿಂದಕ್ಕೆ ಅನ್ನುವುದು ತಪ್ಪಿನ ಬಗೆಯ ಮೇಲೆ. ಅಮೆರಿಕದಲ್ಲಿ ಸಾಮಾನ್ಯವಾಗಿ 3 ವರ್ಷ. ಶೇ 25ಕ್ಕಿಂತ ಹೆಚ್ಚು ಆದಾಯ ಬಿಟ್ಟುಹೋಗಿದ್ದರೆ 6 ವರ್ಷ, ವಂಚನೆಗೆ ಮಿತಿಯೇ ಇಲ್ಲ. ಬ್ರಿಟನ್‌ನಲ್ಲಿ 4, ಅಜಾಗರೂಕತೆಗೆ 6, ಬೇಕೆಂದೇ ಮಾಡಿದ್ದಕ್ಕೆ 20 ವರ್ಷ.

ತಪ್ಪು ಗೊತ್ತಾದ ಕೂಡಲೇ ತಾವಾಗಿಯೇ ತಿದ್ದಿಕೊಂಡರೆ ಆಗುವ ಲಾಭವನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ರಿಟನ್‌ನ ನಿಯಮವನ್ನೇ ನೋಡಿ. ಅಜಾಗರೂಕತೆಯಿಂದ ಆದ ತಪ್ಪನ್ನು ಯಾರೂ ಕೇಳುವ ಮೊದಲೇ ಹೇಳಿದರೆ ದಂಡ ಸೊನ್ನೆಗೂ ಇಳಿಯಬಹುದು. ಕೇಳಿದ ಮೇಲೆ ಹೇಳಿದರೆ ತಪ್ಪಿಹೋದ ತೆರಿಗೆಯ ಶೇ 15ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೇಕೆಂದೇ ಮಾಡಿ ಮುಚ್ಚಿಟ್ಟಿದ್ದರೆ ಶೇ 100ರವರೆಗೂ ಹೋಗುತ್ತದೆ. "ತಿದ್ದುಪಡಿ ರಿಟರ್ನ್ ಹಾಕಿದರೆ ನಾವೇ ಗಮನ ಸೆಳೆದ ಹಾಗಾಗುತ್ತೆ" ಅನ್ನುವ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ತಪ್ಪು ಇರುವ ರಿಟರ್ನ್ ಈಗಾಗಲೇ ಅವರ ಕಂಪ್ಯೂಟರ್‌ನಲ್ಲಿದೆ.

ತೆರಿಗೆ ಇಲಾಖೆಯವರಿಗೂ ಒಂದು ಮಾತು ಹೇಳದೆ ಹೋದರೆ ಈ ಪತ್ರ ಒಂದೇ ಕಡೆಗೆ ವಾಲುತ್ತದೆ. ಯಾವ ಅಂಕಿಗೆ ಯಾವ ಅಂಕಿ ತಾಳೆಯಾಗಲಿಲ್ಲ ಅಂತ ನೋಟಿಸ್‌ನಲ್ಲೇ ಬರೆಯಿರಿ. "ಎಲ್ಲಾ ಪುಸ್ತಕ, ದಾಖಲೆ ಹಾಜರುಪಡಿಸಿ" ಅನ್ನುವ ಒಂದು ಸಾಲಿನ ಆದೇಶದಿಂದ ಪ್ರಾಮಾಣಿಕರೂ ಹೆದರುತ್ತಾರೆ, ಹೆದರಿದವರು ದಡ್ಡ ಕೆಲಸ ಮಾಡುತ್ತಾರೆ. ಉತ್ತರಕ್ಕೆ ಸಾಕಷ್ಟು ದಿನ ಕೊಡಿ. ಕೂಡುವ ತಪ್ಪಿಗೂ ಕದಿಯುವ ತಪ್ಪಿಗೂ ಇರುವ ಅಂತರವನ್ನು ನಿಮ್ಮ ಭಾಷೆಯಲ್ಲೂ ತೋರಿಸಿ.

ಮತ್ತೆ ಮಾಲೀಕರೇ, ನಿಮ್ಮ ಹತ್ತಿರ ನಮ್ಮ ಬೇಡಿಕೆ ದೊಡ್ಡದೇನಲ್ಲ. ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ತಿಂಗಳು ತಿಂಗಳು ಕೊಡಿ, ವರ್ಷದ ಕೊನೆಗೆ ಒಟ್ಟಿಗೆ ಅಲ್ಲ. ಮನೆ ಖರ್ಚಿಗೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ತಪ್ಪಿ ಕಂಪನಿ ಕಾರ್ಡ್ ಬಳಸಿದರೆ ಅದೇ ವಾರ ಹೇಳಿ, ನಿಮ್ಮ ಲೆಕ್ಕಕ್ಕೆ ಹಾಕುತ್ತೇವೆ. ಕಂಪನಿಗೆ ಹಾಕುವ, ಕಂಪನಿಯಿಂದ ಎತ್ತುವ ಪ್ರತಿ ಮೊತ್ತಕ್ಕೂ ಒಂದು ಪುಟದ ಕಾಗದ ಮಾಡಿ. ಇಲಾಖೆಯ ಪತ್ರಗಳು ಬರುವ ಇಮೇಲ್ ನಮ್ಮಲ್ಲಿ ಇಬ್ಬರಿಗಾದರೂ ತೆರೆಯುವಂತಿರಲಿ. ಹಿಂದಿನ ದಿನಾಂಕ ಹಾಕಿ ಅಂತ ನಮಗೆ ಹೇಳಬೇಡಿ. ಹೇಳಿದರೆ ಬರಹದಲ್ಲಿ ಹೇಳಿ.

ರಿಟರ್ನ್ ಮೇಲೆ ಸಹಿ ಹಾಕುವ ಮೊದಲು ಒಂದು ಗಂಟೆ ನಮ್ಮ ಜೊತೆ ಕೂತು ಓದಿ. ನಿಮ್ಮ ಸ್ವಂತ ಕಂಪನಿಯ ಲಾಭದ ಪ್ರಮಾಣ ಹೋದ ವರ್ಷಕ್ಕಿಂತ ಯಾಕೆ ಬದಲಾಯಿತು ಅಂತ ನಿಮಗೇ ಹೇಳಲು ಬರದಿದ್ದರೆ ಆ ರಿಟರ್ನ್ ಅವತ್ತು ಕಳಿಸಬೇಡಿ. ಇನ್ನು, ಇಷ್ಟೆಲ್ಲಾ ಆದ ಮೇಲೂ ತಪಾಸಣೆ ಬಂದರೆ, ಅಧಿಕಾರಿಯ ಎದುರು ನಮ್ಮ ಪಕ್ಕದ ಕುರ್ಚಿಯಲ್ಲಿ ನೀವೂ ಕೂರಬೇಕು. ಉತ್ತರ ನಾವು ಕೊಡುತ್ತೇವೆ. ನಿರ್ಧಾರ ಮಾಡಿದವರು ಯಾರು ಅನ್ನುವ ಪ್ರಶ್ನೆ ಬಂದಾಗ ಮಾತ್ರ ನೀವೇ ಮಾತಾಡಿ.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ವಿಭಾಗದ ಒಬ್ಬ ನೌಕರಳು